ಚಾತುರ್ಮಾಸದ ಓದಿಗೆ ಯಾವ ಪುಸ್ತಕ? ಅಕ್ಕನಿಂದ ಪಂಡಿತಾ ರಮಾಬಾಯಿವರೆಗೆ

ಆಷಾಢ ಏಕಾದಶಿ ಹತ್ತಿರ ಬಂತೆಂದರೆ ಮುಂಬೈಯ ಕನ್ನಡ ಭಜನಾ ಮಂಡಳಿಗಳಲ್ಲಿ ಒಂದು ಮಾತು ಏಳುತ್ತದೆ. ಮುಂದಿನ ನಾಲ್ಕು ತಿಂಗಳು ಭಜನೆ, ಮಂಗಳಾರತಿ ಆದ ಮೇಲೆ ಅರ್ಧ ಗಂಟೆ ಏನು ಓದೋಣ? ಡೊಂಬಿವಲಿ ಇರಲಿ, ಮಾಟುಂಗಾ ಇರಲಿ, ಗೋರೆಗಾಂವ್ ಇರಲಿ, ಬೇಡಿಕೆ ಹೆಚ್ಚುಕಡಿಮೆ ಒಂದೇ. ಹೆಂಗಸರ ಕಥೆ ಇರಬೇಕು, ದೇವರ ವಿಷಯ ಇರಬೇಕು, ಕೇಳಿದರೆ ಸ್ವಲ್ಪ ಧೈರ್ಯ ಬರಬೇಕು. ಇಷ್ಟು ಹೇಳಿದರೆ ಸಾಕು, ಒಬ್ಬರು ವ್ರತಕಥೆಯ ಪುಸ್ತಕ ತೆಗೆಯುತ್ತಾರೆ. ಇನ್ನೊಬ್ಬರು ಅಕ್ಕನ ವಚನ ಅನ್ನುತ್ತಾರೆ. ಮತ್ತೊಬ್ಬರ ಸೊಸೆ ಯಾವುದೋ ಇಂಗ್ಲಿಷ್ ಪುಸ್ತಕದ ಪಿಡಿಎಫ್ ವಾಟ್ಸಾಪಿಗೆ ಹಾಕುತ್ತಾಳೆ. ಎಲ್ಲವೂ ಸ್ಫೂರ್ತಿಯ ಪುಸ್ತಕಗಳೇ. ಆದರೆ ಒಂದರ ಕೆಲಸ ಇನ್ನೊಂದು ಮಾಡುವುದಿಲ್ಲ.

ಆರಿಸುವಾಗ ನಾನು ಮೊದಲು ಕೇಳುವ ಪ್ರಶ್ನೆ ಒಂದೇ: ಇದನ್ನು ಅವಳೇ ಹೇಳಿದ್ದಾ, ಅವಳ ಬಗ್ಗೆ ಬೇರೆ ಯಾರೋ ಹೇಳಿದ್ದಾ? ಬೇರೆಯವರು ಹೇಳುವಾಗ ಹೆಣ್ಣಿನ ಕಷ್ಟವೆಲ್ಲ ಬೇಗ ಬೇಗ ತಾಳ್ಮೆಯಾಗಿಬಿಡುತ್ತದೆ. ಗಂಡ ಹೊಡೆದ, ತಾಳಿಕೊಂಡಳು. ಅತ್ತೆ ಬೈದರು, ತಾಳಿಕೊಂಡಳು. ಕೊನೆಗೆ ದೇವರು ಮೆಚ್ಚಿದ, ಮಂಗಳಂ. ಅವಳೇ ಹೇಳುವಾಗ ಸಿಟ್ಟೂ ಇರುತ್ತದೆ, ದೇವರ ಜೊತೆ ಜಗಳವೂ ಇರುತ್ತದೆ, ನಗುವೂ ಇರುತ್ತದೆ. ನನ್ನ ಓಟು ಅವಳೇ ಹೇಳಿದ ಪುಸ್ತಕಕ್ಕೆ. ಒಂದೆರಡು ಕಡೆ ಈ ನಿಯಮ ಮುರಿಯಬೇಕಾಗುತ್ತದೆ, ಅದನ್ನೂ ಹೇಳುತ್ತೇನೆ.

ವ್ರತಕಥೆ: ಭಯದ್ದೊಂದು, ಜೊತೆಯದ್ದೊಂದು

ಮಾರ್ಗಶಿರ ಬಂದರೆ ಸ್ಟೇಷನ್ ಹೊರಗೆ ಹೂವು ಮಾರುವವರ ಹತ್ತಿರವೇ ಮಹಾಲಕ್ಷ್ಮಿ ಗುರುವಾರ ವ್ರತದ ಪುಸ್ತಕ ಸಿಗುತ್ತದೆ. ಅಂಗೈಯಗಲದ್ದು. ಮರಾಠಿಯವರ ವ್ರತವಾದರೂ ಈಗ ನಮ್ಮವರ ಎಷ್ಟೋ ಮನೆಗಳಲ್ಲಿ ನಡೆಯುತ್ತದೆ. ಕಥೆ ಗೊತ್ತೇ ಇದೆಯಲ್ಲ. ಭದ್ರಶ್ರವ ರಾಜನ ರಾಣಿ ಸುರತಚಂದ್ರಿಕೆಗೆ ಸೊಕ್ಕು. ಲಕ್ಷ್ಮಿ ಮುದುಕಿಯ ವೇಷದಲ್ಲಿ ಬಾಗಿಲಿಗೆ ಬಂದರೆ ಅವಮಾನ ಮಾಡಿ ಕಳಿಸುತ್ತಾಳೆ, ರಾಜ್ಯ ಕೈಬಿಟ್ಟು ಹೋಗುತ್ತದೆ. ಮಗಳು ಶಾಮಬಾಲೆ ವ್ರತ ಮಾಡಿದ್ದರಿಂದ ಅವಳ ಬದುಕು ಹಸನಾಗುತ್ತದೆ.

ನಮ್ಮ ವರಮಹಾಲಕ್ಷ್ಮಿ ಕಥೆ ಇದಕ್ಕೆ ಪಕ್ಕಾ ಉಲ್ಟಾ. ಕುಂಡಿನ ನಗರದ ಚಾರುಮತಿಗೆ ಕನಸಿನಲ್ಲಿ ಲಕ್ಷ್ಮಿ ಬರುತ್ತಾಳೆ. ಅವಳು ಆ ಕನಸನ್ನು ಗುಟ್ಟಾಗಿ ಇಟ್ಟುಕೊಳ್ಳುವುದಿಲ್ಲ. ಮನೆಯವರಿಗೆ ಹೇಳುತ್ತಾಳೆ, ಊರಿನ ಹೆಂಗಸರಿಗೆಲ್ಲ ಹೇಳುತ್ತಾಳೆ, ಎಲ್ಲರೂ ಕೂಡಿ ಪೂಜೆ ಮಾಡುತ್ತಾರೆ. ಪ್ರದಕ್ಷಿಣೆ ಹಾಕುವಾಗ ಗೆಜ್ಜೆ, ಕಂಕಣ ಬರುವುದು ಚಾರುಮತಿ ಒಬ್ಬಳಿಗೇ ಅಲ್ಲ, ಎಲ್ಲರಿಗೂ. ಮೊದಲ ಕಥೆ ತಪ್ಪಿದರೆ ಏನಾದೀತೋ ಎಂಬ ಹೆದರಿಕೆಯ ಮೇಲೆ ನಿಂತಿದೆ, ಎರಡನೆಯದು ಅಕ್ಕಪಕ್ಕದವರ ಮೇಲೆ. ಎರಡರಲ್ಲಿ ಒಂದು ಅಂದರೆ ನಾನು ಚಾರುಮತಿಯ ಕಡೆ.

ಆದರೆ ನಾಲ್ಕು ತಿಂಗಳ ಓದಿಗೆ ಎರಡೂ ಸಾಲುವುದಿಲ್ಲ. ಹತ್ತು ನಿಮಿಷಕ್ಕೆ ಮುಗಿದುಹೋಗುತ್ತದೆ. ಮುಗಿದ ಮೇಲೆ ಯಾರೂ ಏನೂ ಕೇಳುವುದಿಲ್ಲ, ಪ್ರಸಾದಕ್ಕೆ ಏಳುತ್ತಾರೆ.

ವಚನ: ಅಕ್ಕ ಒಬ್ಬಳೇ ಅಲ್ಲ

ಶಿಕಾರಿಪುರದ ಹತ್ತಿರದ ಉಡುತಡಿಯ ಮಹಾದೇವಿ, ಕೌಶಿಕನನ್ನು ಬಿಟ್ಟು ಹೊರಟಿದ್ದು, ಕಲ್ಯಾಣ, ಆಮೇಲೆ ಶ್ರೀಶೈಲ. 12ನೇ ಶತಮಾನದ ಈ ಕಥೆಯನ್ನು ಮತ್ತೆ ಹೇಳಬೇಕಿಲ್ಲ. ಮಂಡಳಿಗಳಲ್ಲಿ ಹಾಡುವುದು ಹೆಚ್ಚಾಗಿ ಒಂದೇ ವಚನ. ಬೆಟ್ಟದ ಮೇಲೊಂದು ಮನೆಯ ಮಾಡಿ ಮೃಗಗಳಿಗೆ ಅಂಜಿದರೆ ಹೇಗೆ, ಸಂತೆಯೊಳಗೊಂದು ಮನೆಯ ಮಾಡಿ ಶಬ್ದಕ್ಕೆ ನಾಚಿದರೆ ಹೇಗೆ ಅನ್ನುವುದು. ಸ್ಟೇಷನ್ ರೋಡಿನ ಮೇಲೆ ಫ್ಲ್ಯಾಟ್ ತೆಗೆದುಕೊಂಡವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಕೊನೆಗೆ ಸ್ತುತಿ ನಿಂದೆ ಬಂದರೆ ಸಮಾಧಾನಿಯಾಗಿರಬೇಕು ಅಂತ ಬರುತ್ತದೆ. ಇದೊಂದನ್ನೇ ಹಾಡಿ ಹಾಡಿ ಅಕ್ಕನನ್ನು ನಾವು ತೀರಾ ಸಮಾಧಾನದ ಹೆಂಗಸು ಮಾಡಿಟ್ಟಿದ್ದೇವೆ.

ಅದೇ ಅಕ್ಕ ಇನ್ನೊಂದು ಕಡೆ ಸಾವಿಲ್ಲದ, ಕೇಡಿಲ್ಲದ, ರೂಪವಿಲ್ಲದ ಚೆಲುವನಿಗೆ ಒಲಿದೆ ಅನ್ನುತ್ತಾಳೆ. ಅಷ್ಟಕ್ಕೆ ನಿಲ್ಲಿಸುವುದಿಲ್ಲ. "ಈ ಸಾವ ಕೆಡುವ ಗಂಡರನೊಯ್ದು ಒಲೆಯೊಳಗಿಕ್ಕು ತಾಯೆ" ಎಂದು ಮುಗಿಸುತ್ತಾಳೆ. ಗಂಡಸರೂ ಪ್ರಸಾದಕ್ಕೆ ಬಂದು ಕೂತಿರುವ ದಿನ ಇದನ್ನು ಗಟ್ಟಿಯಾಗಿ ಓದಿ ನೋಡಿ, ಗೊತ್ತಾಗುತ್ತದೆ. ಅಕ್ಕನ ಪುಸ್ತಕ ಕೊಳ್ಳುವುದಾದರೆ ಈ ಎರಡೂ ವಚನ ಇರುವಂಥದ್ದನ್ನೇ ಕೊಳ್ಳಿ. ಮೆತ್ತಗಿನವನ್ನಷ್ಟೇ ಆರಿಸಿ ಹಾಕಿದ ಸಣ್ಣ ಸಂಕಲನ ಬೇಡ. ಅರ್ಥವನ್ನೂ ಕೊಟ್ಟಿರಬೇಕು. ಷಟ್‌ಸ್ಥಲದ, ಅಂದರೆ ಶರಣರ ಸಾಧನೆಯ ಆರು ಹಂತಗಳ, ಪರಿಭಾಷೆ ಬರುವ ವಚನಗಳು ಟಿಪ್ಪಣಿ ಇಲ್ಲದೆ ನಮ್ಮಂಥವರಿಗೆ ದಕ್ಕುವುದಿಲ್ಲ.

ಇನ್ನೊಂದು ವಿಷಯ. ಶರಣೆಯರೆಂದರೆ ಅಕ್ಕ ಒಬ್ಬಳೇ ಅಲ್ಲ. ವಚನ ಬರೆದ ಹೆಂಗಸರು 30ಕ್ಕೂ ಹೆಚ್ಚು. ಕರ್ನಾಟಕ ಸರ್ಕಾರ ತಂದ 15 ಸಂಪುಟಗಳ ಸಮಗ್ರ ವಚನ ಸಾಹಿತ್ಯದಲ್ಲಿ ಶರಣೆಯರಿಗೆಂದೇ ಒಂದು ಸಂಪುಟವಿದೆ. ಮನೆ ನಡೆಸುವವರಿಗೆ ನಾನು ಹೇಳುವುದು ಆಯ್ದಕ್ಕಿ ಲಕ್ಕಮ್ಮ. ಗಂಡ ಮಾರಯ್ಯ ಬಿದ್ದ ಅಕ್ಕಿ ಆಯ್ದು ತಂದು ದಾಸೋಹ ಮಾಡುವವನು. ಒಂದು ದಿನ ಬೇಕಾದ್ದಕ್ಕಿಂತ ಜಾಸ್ತಿ ತಂದ. ಲಕ್ಕಮ್ಮ "ಈಸಕ್ಕಿಯಾಸೆ ನಿಮಗೇಕೆ?" ಎಂದು ಕೇಳಿ, ತಂದಲ್ಲೇ ಸುರಿದು ಬನ್ನಿ ಎಂದು ವಾಪಸ್ಸು ಕಳಿಸಿದಳು. ಬಡತನದಲ್ಲಿ ಇದ್ದುಕೊಂಡೇ ಗಂಡನಿಗೆ ಧರ್ಮ ಹೇಳಿಕೊಡುವ ಹೆಂಗಸು ಅವಳು. ಮನೆಯಲ್ಲಿ ಯಾರಾದರೂ ತೀರಿಕೊಂಡವರಿಗೆ ಮುಕ್ತಾಯಕ್ಕ. ಅಣ್ಣ ಅಜಗಣ್ಣ ಹೋದ ದುಃಖದಲ್ಲಿ ಅವಳು ಅಲ್ಲಮಪ್ರಭುವಿನ ಜೊತೆಗೇ ವಾದಕ್ಕೆ ಕೂತಳು. ಅಣ್ಣನ ಹೆಸರನ್ನೇ ಅಂಕಿತ ಮಾಡಿಕೊಂಡಳು. ಸಮಾಧಾನ ಹೇಳಲು ಬಂದವರ ಮಾತನ್ನು ಸುಮ್ನೆ ಒಪ್ಪಿಕೊಳ್ಳಬೇಕಾಗಿಲ್ಲ ಅನ್ನುವುದು ಅವಳನ್ನು ಓದಿದರೆ ತಿಳಿಯುತ್ತದೆ. ಸಂಕವ್ವೆಯದು ಉಳಿದಿರುವುದು ಒಂದೇ ವಚನ. ಸೂಳೆಯಾಗಿದ್ದವಳು ತನ್ನ ಕಸುಬಿನ ಮಾತಿನಲ್ಲೇ ನಿಷ್ಠೆ ಎಂದರೇನು ಅಂತ ಹೇಳಿದ್ದು. ಅದೊಂದಕ್ಕೆ ಒಂದು ಸಂಜೆ ಕೊಡಬಹುದು.

ವಚನದ ದೊಡ್ಡ ಅನುಕೂಲ ಅಂದರೆ ಅದರ ಅಳತೆ. ಫಾಸ್ಟ್ ಲೋಕಲ್ಲಿನಲ್ಲಿ ಒಂದು ಕೈ ಹಿಡಿಕೆಗೆ ಹೋದರೆ ಇನ್ನೊಂದು ಕೈಯಲ್ಲಿ ಫೋನು. ಠಾಣೆಯಿಂದ ಘಾಟ್‌ಕೋಪರ್ ಬರುವುದರೊಳಗೆ ಎರಡು ವಚನ ಓದಬಹುದು. ‘ವಚನ ಸಂಚಯ’ ಜಾಲತಾಣದಲ್ಲಿ 20 ಸಾವಿರಕ್ಕೂ ಹೆಚ್ಚು ವಚನ ಪುಕ್ಕಟೆ ಇವೆ, ಒಬ್ಬೊಬ್ಬರ ಹೆಸರಿನಲ್ಲೂ ಹುಡುಕಬಹುದು.

ದಾಸರ ಪದ: ಓದಲಿಕ್ಕಲ್ಲ, ಹಾಡಲಿಕ್ಕೆ

ಹೆಳವನಕಟ್ಟೆ ಗಿರಿಯಮ್ಮ, ಹರಪನಹಳ್ಳಿ ಭೀಮವ್ವ. ಧಾರವಾಡ, ರಾಯಚೂರು ಕಡೆಯ ಕಾಕು, ವೈನಿಯರು ಇರುವ ಮಂಡಳಿಯಾದರೆ ಇವು ಪುಸ್ತಕವೇ ಬೇಡ, ಬಾಯಲ್ಲೇ ಇರುತ್ತವೆ. ಭೀಮವ್ವ (1823–1903) ಭೀಮೇಶಕೃಷ್ಣ ಅಂಕಿತದಲ್ಲಿ ನಳಚರಿತ್ರೆಯಂಥ ದೊಡ್ಡ ಕಥನದ ಹಾಡುಗಳನ್ನೇ ಕಟ್ಟಿದವರು. ಹಾಡಲು ಇದಕ್ಕಿಂತ ಒಳ್ಳೆಯದು ಬೇಡ. ಕೂತು ಚರ್ಚೆ ಮಾಡಬೇಕು ಅಂದರೆ ಮಾತ್ರ ಬೇರೆ ನೋಡಿ. ಅವರ ಸ್ವಂತ ಬದುಕಿನ ಕಥೆ ನಮಗೆ ಬಂದಿರುವುದು ಹೆಚ್ಚಾಗಿ ಬೇರೆಯವರ ಬಾಯಿಂದ.

ಮರಾಠಿ ಸಂತ ಹೆಂಗಸರು

ನನ್ನ ಮಟ್ಟಿಗೆ ಮುಂಬೈ, ಪುಣೆಯ ಕನ್ನಡದವರು ಕೈಬಿಟ್ಟಿರುವ ಖಜಾನೆ ಇದು. ವರ್ಷಗಟ್ಟಲೆ ಇಲ್ಲಿದ್ದೇವೆ, ಮಕ್ಕಳು ಶಾಲೆಯಲ್ಲಿ ಮರಾಠಿ ಕಲಿತಿವೆ, ಕೆಳಗಿನ ಮನೆಯ ಕಾಕೂ ಜೊತೆ ದಿನಾ ಮರಾಠಿಯಲ್ಲೇ ಮಾತು. ವಿಠ್ಠಲನಂತೂ ನಮ್ಮವನೇ. ಜ್ಞಾನೇಶ್ವರರೇ ಅವನನ್ನು "ಕಾನಡಾ ಹೋ ವಿಠ್ಠಲು, ಕರ್ನಾಟಕು" ಎಂದು ಹಾಡಿದ್ದಾರೆ. ಮತ್ತೇಕೆ ಸಂಕೋಚ?

ಶುರು ಮಾಡುವುದಾದರೆ ಜನಾಬಾಯಿಯಿಂದ. ಗಂಗಾಖೇಡದ ಹುಡುಗಿ, ಪಂಢರಪುರದಲ್ಲಿ ನಾಮದೇವರ ಮನೆಯ ಕೆಲಸದವಳು. ಬೀಸುವಾಗ, ಕುಟ್ಟುವಾಗ ನಿನ್ನನ್ನೇ ಹಾಡುತ್ತೇನೆ ಅನ್ನುತ್ತಾಳೆ, ವಿಠ್ಠಲನೂ ಬಂದು ಅವಳ ಜೊತೆ ಬೀಸುತ್ತಾನೆ. ಇಷ್ಟು ಎಲ್ಲರಿಗೂ ಗೊತ್ತು, ಕ್ಯಾಲೆಂಡರಿನ ಚಿತ್ರವೂ ಇದೇ. ಅದೇ ಜನಾಬಾಯಿ "ಡೋಈಚಾ ಪದರ ಆಲಾ ಖಾಂದ್ಯಾವರೀ, ಭರಲ್ಯಾ ಬಾಜಾರೀ ಜಾಈನ ಮೀ" ಅಂದವಳು. ತಲೆ ಮೇಲಿನ ಸೆರಗು ಹೆಗಲಿಗೆ ಜಾರಿದೆ, ಹಾಗೇ ತುಂಬಿದ ಬಜಾರಿನಲ್ಲಿ ನಡೆಯುತ್ತೇನೆ ಅಂತ. ಇದರ ಪಕ್ಕದಲ್ಲಿ ಅಕ್ಕನ ಸಂತೆಯ ವಚನ ಇಟ್ಟು ಓದಿ. ಅಕ್ಕ ಸಂತೆಯಲ್ಲಿ ಮನೆ ಮಾಡಿ ಶಬ್ದಕ್ಕೆ ನಾಚಬೇಡ ಅನ್ನುತ್ತಾಳೆ. ಜನಿ ಕೈಯಲ್ಲಿ ತಾಳ ಹಿಡಿದು ಬಜಾರಿನ ನಡುವೆಯೇ ಹೊರಡುತ್ತಾಳೆ, ಯಾರು ತಡೆಯುತ್ತಾರೋ ನೋಡೋಣ ಅಂತ. ಒಂದೇ ಸಂಜೆ ಎರಡನ್ನೂ ಓದಿದರೆ ಮಂಡಳಿಯಲ್ಲಿ ಮಾತು ತಾನಾಗಿ ಹುಟ್ಟುತ್ತದೆ.

ಬೌದ್ಧ ಓದು ಇಷ್ಟವಿರುವವರು ಇಲ್ಲೇ ಥೇರಿಗಾಥೆಯನ್ನೂ ಸೇರಿಸಿಕೊಳ್ಳಬಹುದು. ಪಾಲಿ ಭಾಷೆಯ ಆ ಭಿಕ್ಷುಣಿಯರ ಹಾಡುಗಳಲ್ಲಿ ಮುತ್ತಾ ಎಂಬವಳು ತನಗೆ ಮೂರು ಡೊಂಕುಗಳಿಂದ ಬಿಡುಗಡೆ ಸಿಕ್ಕಿತು ಅನ್ನುತ್ತಾಳೆ: ಒರಳು, ಒನಕೆ, ಡೊಂಕು ಗಂಡ. ಜನಾಬಾಯಿ ಬೀಸುವ ಕಲ್ಲಿಗೆ ದೇವರನ್ನು ಕರೆತಂದಳು, ಇವಳು ಒರಳನ್ನೇ ಬಿಟ್ಟು ಹೊರಟಳು. ಇದರಲ್ಲಿ ಯಾವುದು ಸರಿ ಅಂತ ನಾನು ಹೇಳುವುದಿಲ್ಲ. ನಮ್ಮಲ್ಲಿ ಎರಡೂ ಥರದವರಿದ್ದಾರೆ, ಅಲ್ವಾ?

ಸೋಯರಾಬಾಯಿ, ಅಸ್ಪೃಶ್ಯರೆನಿಸಿಕೊಂಡ ಜಾತಿಯ ಸಂತ ಚೋಖಾಮೇಳಾನ ಹೆಂಡತಿ. ಕಿಶೋರಿ ಅಮೋಣಕರ್ ಹಾಡಿದ "ಅವಘಾ ರಂಗ ಏಕ ಝಾಲಾ" ಕೇಳದವರು ಕಡಿಮೆ. ಅದು ಸೋಯರಾಬಾಯಿಯ ಅಭಂಗ (ಮರಾಠಿ ಭಕ್ತಿಪದ) ಅಂತ ಗೊತ್ತಿರುವವರೂ ಕಡಿಮೆ. ಮೈಲಿಗೆಯ ಬಗ್ಗೆ ಅವಳದ್ದೊಂದು ಅಭಂಗವಿದೆ. ದೇಹಕ್ಕೆ ಮೈಲಿಗೆ ಅನ್ನುತ್ತೀರಲ್ಲ, ಮೈಲಿಗೆ ಇಲ್ಲದೆ ಯಾವ ದೇಹ ಹುಟ್ಟಿದೆ ಎಂದು ಕೇಳುತ್ತಾಳೆ. ಅಸ್ಪೃಶ್ಯಳೆಂದು ದೂರ ಇಟ್ಟವರಿಗೂ ಇದು ಉತ್ತರ, ತಿಂಗಳ ಮೂರು ದಿನ ಹೆಂಗಸನ್ನು ದೂರ ಇಡುವವರಿಗೂ ಉತ್ತರ. ಮಡಿಯ ಮನೆಯ ಹಿರಿಯರು ಇರುವ ಕಡೆ ಓದುವಾಗ ಸ್ವಲ್ಪ ಧೈರ್ಯ ಬೇಕಾಗುತ್ತದೆ. ಓದಲೇಬೇಕು ಎಂಬುದು ನನ್ನ ಹಟ.

ಇನ್ನು ಬಹಿಣಾಬಾಯಿ. ಪುಸ್ತಕದ ಅಂಗಡಿಯಲ್ಲಿ ಬರೀ ಬಹಿಣಾಬಾಯಿ ಅಂದರೆ ಬೇರೆಯೇ ಪುಸ್ತಕ ಕೈಗೆ ಬಂದೀತು. ಖಾನದೇಶದ ಬಹಿಣಾಬಾಯಿ ಚೌಧರಿ (1880–1951) ರೈತ ಹೆಂಗಸು, ಓದುಬರಹ ಬಾರದವರು. ಸಂಸಾರ ಒಲೆಯ ಮೇಲಿನ ಹೆಂಚಿನ ಹಾಗೆ, ಮೊದಲು ಕೈ ಸುಟ್ಟುಕೊಂಡರೇ ರೊಟ್ಟಿ ಅಂದವರು ಅವರು. ಮಗ ಸೋಪಾನದೇವರು ಬರೆದಿಟ್ಟುಕೊಂಡ ಆ ಹಾಡುಗಳು ಅವರು ತೀರಿಕೊಂಡ ಮೇಲೆ ಪುಸ್ತಕವಾದವು. ಅದೂ ಒಳ್ಳೆಯದೇ. ಆದರೆ ನಾನು ಹೇಳುತ್ತಿರುವುದು 17ನೇ ಶತಮಾನದ ಸಂತ ಬಹಿಣಾಬಾಯಿ, ತುಕಾರಾಮರ ಶಿಷ್ಯೆ. ಜ್ಞಾನದೇವ ತಳಪಾಯ ಹಾಕಿದ, ತುಕಾ ಕಳಶವಾದ ಎಂಬ ಅಭಂಗ ಇವರದ್ದು.

ಇವರ ಆತ್ಮನಿವೇದನದ ಅಭಂಗಗಳನ್ನು ನಾನು ಈ ಪಟ್ಟಿಯಲ್ಲೇ ಮೊದಲಿಗೆ ಇಡುತ್ತೇನೆ. ವೇರೂಳದ (ಎಲ್ಲೋರಾ) ಹತ್ತಿರದ ದೇವಗಾಂವ್ ಅವರ ಊರು. ಮೂರು ವರ್ಷಕ್ಕೆ ಮದುವೆ, ಗಂಡನಿಗೆ ಮೂವತ್ತು. ಸಂಸಾರ ಊರೂರು ಅಲೆದು ಕೊಲ್ಲಾಪುರಕ್ಕೆ ಬಂತು. ಅಲ್ಲಿ ಹುಡುಗಿಗೆ ಒಂದು ಕರುವಿನ ಮೇಲೆ ಪ್ರಾಣ. ಜಯರಾಮಸ್ವಾಮಿಗಳ ಕೀರ್ತನೆಗೂ ಕರು ಜೊತೆಗೇ ಬರುತ್ತದೆ. ಸ್ವಾಮಿಗಳು ಹುಡುಗಿಯ ತಲೆ ಮೇಲೆ ಕೈಯಿಟ್ಟರು. ಸುದ್ದಿ ಗಂಡನ ಕಿವಿಗೆ ಬಿತ್ತು. ಅವನು ಜಡೆ ಹಿಡಿದು ಹೊಡೆದ, ಕಟ್ಟಿಹಾಕಿದ. ಕರು ಮೇವು ಬಿಟ್ಟು ಸತ್ತಿತು. ಆಮೇಲೆ ಕನಸಿನಲ್ಲಿ ತುಕಾರಾಮರು ಬಂದರು. ಗಂಡ ವೇದ ಓದಿದ ಬ್ರಾಹ್ಮಣ, ಶೂದ್ರನನ್ನು ಗುರು ಅನ್ನುವ ಹೆಂಡತಿ ತನಗೆ ಬೇಡ ಅಂತ ಬಿಟ್ಟು ಹೊರಟ. ಇದನ್ನೆಲ್ಲ ಯಾರೋ ಕೀರ್ತನಕಾರ ಕಣ್ಣೀರು ಬರಿಸಲು ಕಟ್ಟಿದ್ದಲ್ಲ. ಅವಳೇ ಹೇಳಿದ್ದು. ಹೊಡೆತವನ್ನು ಲೀಲೆ ಮಾಡದೆ ಹೊಡೆತ ಎಂದೇ ಹೇಳಿದ್ದಾಳೆ. ವೇದ, ಪುರಾಣಗಳೆಲ್ಲ ಹೆಣ್ಣಿನಿಂದ ಒಳಿತಿಲ್ಲ ಎಂದು ಕೂಗುತ್ತಿವೆ, ಹಾಗಾದರೆ ನಾನು ಪರಮಾರ್ಥ ಮುಟ್ಟುವುದು ಹೇಗೆ ಎಂದೂ ಕೇಳಿದ್ದಾಳೆ.

ಇಷ್ಟಾಗಿಯೂ ಇದು ಸರಳ ಬಂಡಾಯದ ಕಥೆಯಲ್ಲ. ಗಂಡ ಹೊರಟು ನಿಂತಾಗ ಅವನೇ ನನ್ನ ದೇವರು, ಅವನ ಸೇವೆಯೇ ಮೇಲು ಎಂದೂ ಬಹಿಣಾಬಾಯಿ ಹಾಡುತ್ತಾಳೆ. ಅವನು ಕಾಯಿಲೆ ಬಿದ್ದು, ಮನಸ್ಸು ತಿರುಗಿ, ಕೊನೆಗೆ ಇಡೀ ಸಂಸಾರ ತುಕಾರಾಮರ ದೇಹೂಗೇ ಬಂದು ನಿಲ್ಲುತ್ತದೆ. ಅವಳು ಗೆದ್ದಳಾ, ಸೋತಳಾ? ಎರಡಕ್ಕೂ ಅಭಂಗದಲ್ಲೇ ಸಾಕ್ಷಿ ಸಿಗುತ್ತದೆ. ಮನೆಯಲ್ಲಿ ಹೊಡೆತ ತಿಂದ ಹೆಂಗಸು ನಿಮ್ಮ ಮಂಡಳಿಯಲ್ಲೇ ಇರಬಹುದು. ಅವಳೆದುರು ಸಹಿಸಿಕೊಂಡರೆ ದೇವರು ಒಲಿಯುತ್ತಾನೆ ಅಂತ ಓದಿ ಎದ್ದುಬಿಡಬೇಡಿ. ಓದಿ ಮುಗಿಸಿದ ಮೇಲೆ ಮಾತಾಡಲು ಸಮಯ ಇಡಿ.

ಓದುವ ಕ್ರಮ ಹೀಗೆ ಮಾಡಬಹುದು. ಮರಾಠಿ ಚೆನ್ನಾಗಿ ಬರುವ ಸೊಸೆಯೋ ಮಗಳೋ ಅಭಂಗ ಓದಲಿ, ಹಿರಿಯರೊಬ್ಬರು ಕನ್ನಡದಲ್ಲಿ ಬಿಡಿಸಿ ಹೇಳಲಿ. ಕನ್ನಡ ಓದಲು ಬಾರದ ಹುಡುಗಿಯರನ್ನು ಮಂಡಳಿಗೆ ಕರೆತರಲು ಇದಕ್ಕಿಂತ ಸುಲಭದ ದಾರಿ ನನಗೆ ಕಂಡಿಲ್ಲ.

ತಮ್ಮ ಕಥೆ ತಾವೇ ಬರೆದವರು

ಆತ್ಮಕಥೆಗಳಲ್ಲಿ ಎರಡನ್ನು ಎದುರುಬದುರು ಇಡುತ್ತೇನೆ. ಒಂದು ಲಕ್ಷ್ಮೀಬಾಯಿ ಟಿಳಕರ (1868–1936) ‘ಸ್ಮೃತಿಚಿತ್ರೆ’, ಇನ್ನೊಂದು ಪಂಡಿತಾ ರಮಾಬಾಯಿ (1858–1922) ಬರೆದದ್ದು. ಇಬ್ಬರೂ ಬ್ರಾಹ್ಮಣ ಮನೆಯಲ್ಲಿ ಹುಟ್ಟಿ ಕ್ರೈಸ್ತರಾದವರು. ಅಲ್ಲಿಗೆ ಹೋಲಿಕೆ ಮುಗಿಯಿತು.

ಲಕ್ಷ್ಮೀಬಾಯಿಯ ಗಂಡ, ಕವಿ ನಾರಾಯಣ ವಾಮನ ಟಿಳಕರು 1895ರಲ್ಲಿ ಕ್ರೈಸ್ತರಾದರು. ಹೆಂಡತಿಯನ್ನು ನೆಂಟರು ಪಂಢರಪುರಕ್ಕೆ ಕರೆದೊಯ್ದರು. ವರ್ಷಗಟ್ಟಲೆ ಬೇರೆಯಾಗಿದ್ದು ಆಮೇಲೆ ಒಂದಾದರು. 1900ರಲ್ಲಿ ಅವರೂ ದೀಕ್ಷೆ ಪಡೆದರು. ಇದನ್ನೇ ಬೇರೆಯವರು ಬರೆದಿದ್ದರೆ ಪುಟಪುಟಕ್ಕೂ ಕಣ್ಣೀರು ಸುರಿಯುತ್ತಿತ್ತು. ಲಕ್ಷ್ಮೀಬಾಯಿ ನಗಿಸುತ್ತಾರೆ. ಅಪ್ಪನ ಮಡಿಹುಚ್ಚು, ಗಂಡನ ಮೂಗಿನ ತುದಿಯ ಸಿಟ್ಟು, ಮನೆಯಲ್ಲಿದ್ದದ್ದನ್ನೆಲ್ಲ ಯಾರಿಗೋ ಕೊಟ್ಟುಬಿಡುವ ಅವರ ಚಾಳಿ, ತನ್ನ ಪೆದ್ದುತನ, ಯಾವುದನ್ನೂ ಬಿಡುವುದಿಲ್ಲ. ಅವರಿಗೆ ಶಾಲೆಯ ಓದಿಲ್ಲ. ಆದರೂ ಗಂಡ ಅರ್ಧಕ್ಕೆ ಬಿಟ್ಟುಹೋದ ‘ಖ್ರಿಸ್ತಾಯನ’ ಕಾವ್ಯವನ್ನು ತಾವೇ ಪೂರ್ತಿ ಮಾಡಿದರು. ಇಂಗ್ಲಿಷಿನಲ್ಲಿ ಓದುವ ಮಗಳಿಗೆ ಶಾಂತಾ ಗೋಖಲೆಯವರ ಅನುವಾದ ಇದೆ. ಗಟ್ಟಿಯಾಗಿ ಓದಲು ಈ ಪಟ್ಟಿಯಲ್ಲಿ ಇದರಷ್ಟು ಸಲೀಸಾದ ಪುಸ್ತಕ ಇನ್ನೊಂದಿಲ್ಲ.

ರಮಾಬಾಯಿ ನಗಿಸುವುದಿಲ್ಲ. ಅವರು ಹುಟ್ಟಿದ್ದು ನಮ್ಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ, ತುಂಗಾ, ಭದ್ರಾ ಹುಟ್ಟುವ ಜಾಗದ ಸುತ್ತಿನಲ್ಲಿ. ಅಪ್ಪ ಅನಂತಶಾಸ್ತ್ರಿ ಡೋಂಗ್ರೆ ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ಜನರ ವಿರೋಧ ಕಟ್ಟಿಕೊಂಡವರು. ಆಮೇಲೆ ಸಂಸಾರ ಪುರಾಣ ಹೇಳುತ್ತಾ ಕ್ಷೇತ್ರದಿಂದ ಕ್ಷೇತ್ರಕ್ಕೆ ನಡೆಯಿತು. 1870ರ ದಶಕದ ಬರಗಾಲದಲ್ಲಿ ಅಪ್ಪ, ಅಮ್ಮ, ಅಕ್ಕ ಎಲ್ಲರೂ ಹೋದರು. ಇದ್ದ ದುಡ್ಡನ್ನೆಲ್ಲ ದಾನ ಮಾಡಿ, ಉಪವಾಸ ಮಾಡಿ, ವ್ರತ ಮಾಡಿ ಕಾದರೂ ಯಾವ ದೇವರೂ ಬರಲಿಲ್ಲ ಎಂದು 1907ರ ತಮ್ಮ ಸಾಕ್ಷ್ಯದ ಪುಸ್ತಕದಲ್ಲಿ ಬರೆಯುತ್ತಾರೆ. ವ್ರತಕಥೆ ಓದಿ ಬೆಳೆದವರಿಗೆ ಆ ಪುಟಗಳು ಕಹಿ. ಕಲ್ಕತ್ತೆಯ ಪಂಡಿತರು ಕೊಟ್ಟ ಬಿರುದು, ಮದುವೆ, ಎರಡೇ ವರ್ಷಕ್ಕೆ ವೈಧವ್ಯ, ಕೈಯಲ್ಲಿ ಹಸುಳೆ, ಇಂಗ್ಲೆಂಡಿಗೆ ಪ್ರಯಾಣ. 1889ರಲ್ಲಿ ವಿಧವೆಯರಿಗಾಗಿ ಮುಂಬೈಯಲ್ಲೇ ಶಾರದಾ ಸದನ ತೆರೆದರು. ಮರುವರ್ಷ ಅದು ಪುಣೆಗೆ ಹೋಯಿತು. ಆಮೇಲೆ ಪುಣೆ–ದೌಂಡ್ ದಾರಿಯ ಕೇಡಗಾಂವ್‌ನಲ್ಲಿ ಮುಕ್ತಿ ಮಿಷನ್ ಆಯಿತು, ಈಗಲೂ ಇದೆ.

1887ರ ಅವರ ಇಂಗ್ಲಿಷ್ ಪುಸ್ತಕ ಮೇಲ್ಜಾತಿಯ ಹಿಂದೂ ಹೆಣ್ಣಿನ ಪಾಡಿನ ಬಗ್ಗೆ. ಅದು ವಾದದ ಪುಸ್ತಕ, ಭಕ್ತಿಯದ್ದಲ್ಲ. ನಂಬಿಕೆಯ ವಿಷಯ ಬೇಕಾದರೆ 1907ರದ್ದೇ ಓದಿ. ಒಂದು ಎಚ್ಚರಿಕೆ. ಇದನ್ನು ಮಂಡಳಿಯಲ್ಲಿ ತೆಗೆದರೆ ಚರ್ಚೆ ಐದೇ ನಿಮಿಷದಲ್ಲಿ ಮತಾಂತರದ ಜಗಳಕ್ಕೆ ತಿರುಗುತ್ತದೆ. ರಮಾಬಾಯಿ ಮಿಷನರಿಗಳ ಮಾತನ್ನೂ ಕಣ್ಣುಮುಚ್ಚಿ ಒಪ್ಪಿದವರಲ್ಲ, ನನ್ನ ಆತ್ಮಸಾಕ್ಷಿ ನನ್ನದು ಅಂತ ಪತ್ರಗಳಲ್ಲಿ ವಾದಿಸಿದವರು. ಇದನ್ನು ಮೊದಲೇ ಹೇಳಿಟ್ಟರೆ ಅನುಕೂಲ. ಇಲ್ಲವೇ ನಾಲ್ಕೈದು ಗೆಳತಿಯರು ಸೇರಿ ಬೇರೆ ಓದಿಕೊಳ್ಳಿ. ನನ್ನನ್ನು ಕೇಳಿದರೆ ದೊಡ್ಡ ಗುಂಪಿಗೆ ಲಕ್ಷ್ಮೀಬಾಯಿ, ಸಣ್ಣ ಗುಂಪಿಗೆ ರಮಾಬಾಯಿ.

ಫಣಿಯಮ್ಮ

ನಿಯಮ ಮುರಿಯುವುದು ಇಲ್ಲಿ. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ (1976) ಅವಳೇ ಹೇಳಿದ ಪುಸ್ತಕವಲ್ಲ. ಆದರೂ ಬಾಯಿಂದ ಬಾಯಿಗೆ ಮನೆಯೊಳಗೇ ಹರಿದು ಬಂದ ಕಥೆ. ಲೇಖಕಿಯ ಮನೆತನದ ಹಿರಿಯಳ ನಿಜದ ಬದುಕು. ಮಲೆನಾಡು, ಬಾಲ್ಯದಲ್ಲೇ ವೈಧವ್ಯ, ತಲೆ ಬೋಳಿಸಿ ಮಡಿ ಹೆಂಗಸಾಗಿ ನೂರು ದಾಟಿ ಬದುಕಿದವಳು. ಇಡೀ ಜನ್ಮ ಮಡಿಯಲ್ಲೇ ಕಳೆದ ಫಣಿಯಮ್ಮ, ಹೆರಿಗೆಯಲ್ಲಿ ಒದ್ದಾಡುವ ಹೊಲೆಯರ ಹುಡುಗಿಯ ಮಗುವನ್ನು ತನ್ನ ಕೈಯಿಂದಲೇ ಹೊರಗೆ ತರುತ್ತಾಳೆ. ತಲೆ ಬೋಳಿಸಿಕೊಳ್ಳುವುದಿಲ್ಲ ಅಂತ ಹಟ ಹಿಡಿದ ಎಳೆಯ ವಿಧವೆಯ ಪರವಾಗಿ ನಿಲ್ಲುತ್ತಾಳೆ. ಭಾಷಣವಿಲ್ಲ. ತನಗೆ ಆದದ್ದು ಇನ್ನೊಬ್ಬಳಿಗೆ ಆಗಬಾರದು, ಅಷ್ಟೇ. ಪ್ರೇಮಾ ಕಾರಂತರ ಸಿನಿಮಾ (1983) ಕೂಡ ಇದೆ. ಪುಸ್ತಕ ಮೊದಲು ಓದಿ, ಸಿನಿಮಾ ಆಮೇಲೆ. ಶುದ್ಧ ಕನ್ನಡದಲ್ಲೇ ಬೇಕು, ಕಥೆ ಬೇಕು, ವಾರ ವಾರ ಮುಂದುವರಿಯಬೇಕು ಅನ್ನುವ ಮಂಡಳಿಗೆ ನಾನು ಕಣ್ಣುಮುಚ್ಚಿ ಹೇಳುವುದು ಇದನ್ನೇ.

ಪುರಾಣದ ಹೆಂಗಸರೇ ಬೇಕು ಅನ್ನುವವರಿಗೆ ಇರಾವತಿ ಕರ್ವೆಯವರ ‘ಯುಗಾಂತ’. ಪುಣೆಯ ಡೆಕ್ಕನ್ ಕಾಲೇಜಿನ ಪ್ರೊಫೆಸರು, ಮಾನವಶಾಸ್ತ್ರದವರು. ಗಾಂಧಾರಿ, ಕುಂತಿ, ದ್ರೌಪದಿಯರನ್ನು ದೇವಿಯರ ಪೀಠದಿಂದ ಇಳಿಸಿ ಮನೆಯ ಹೆಂಗಸರಂತೆ ಮಾತಾಡಿಸುತ್ತಾರೆ. ಭಕ್ತಿಗೆ ಇದು ಬೇಡ. ಜಗಳವಾಡಲು ಬಹಳ ಒಳ್ಳೆಯದು.

ಬಾನು ಮುಷ್ತಾಕ್ ಅವರಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದ ಮೇಲೆ ಅವರ ಕತೆ ಓದೋಣ ಅಂತ ಎಲ್ಲರೂ ಹೇಳುತ್ತಿದ್ದಾರೆ. ಪೂರ್ತಿ ಸಂಕಲನ ಆಗದಿದ್ದರೆ ‘ಒಮ್ಮೆ ಹೆಣ್ಣಾಗು ಪ್ರಭುವೇ’ ಒಂದನ್ನಾದರೂ ಓದಿ. ನಂಬಿಕೆ ಬಿಡದೆಯೇ ದೇವರನ್ನು ಕಟಕಟೆಗೆ ಕರೆಯುವುದು ಹೇಗೆ ಅಂತ ಅದರಲ್ಲಿದೆ. ಮಂಗಳೂರಿನ ಕ್ರೈಸ್ತ ಗೆಳತಿಯರು ಇರುವ ಗುಂಪಿಗೆ ಬೈಬಲಿನ ರೂತಳ ಕಥೆ, ನಾಲ್ಕೇ ಅಧ್ಯಾಯ. ಅತ್ತೆ ಸೊಸೆ ಇಬ್ಬರೂ ವಿಧವೆಯರು, ಒಬ್ಬರ ಕೈ ಇನ್ನೊಬ್ಬರು ಬಿಡಲಿಲ್ಲ. ಅತ್ತೆ ಸೊಸೆ ಒಟ್ಟಿಗೇ ಬರುವ ಮಂಡಳಿಯಲ್ಲಿ ಒಂದು ಮಧ್ಯಾಹ್ನಕ್ಕೆ ಸಾಕಾಗುತ್ತದೆ.

ಇನ್ನು ಪಿಡಿಎಫ್ ಆಗಿ ಬರುವ ಮೋಟಿವೇಶನಲ್ ಪುಸ್ತಕಗಳು. ಬೆಳಿಗ್ಗೆ ಐದಕ್ಕೆ ಏಳಿ, ಕನ್ನಡಿ ನೋಡಿ ನಗಿ, ಎಲ್ಲ ಒಳ್ಳೆಯದಾಗುತ್ತೆ ಅನ್ನಿ. ಡೊಂಬಿವಲಿಯ ಹೆಂಗಸು ನಾಲ್ಕೂವರೆಗೇ ಎದ್ದು ಡಬ್ಬಿ ಕಟ್ಟಿರುತ್ತಾಳೆ. ಮುಂದಕ್ಕೆ ಹೋಗೋಣ.

ಯಾರಿಗೆ ಯಾವುದು

ಹೊಸದಾಗಿ ಶುರುವಾದ, ಬೇರೆ ಬೇರೆ ಜಿಲ್ಲೆಯವರು ಸೇರಿದ ಮಂಡಳಿಗೆ ಫಣಿಯಮ್ಮ. ಯಾರಿಗೂ ಹಳಗನ್ನಡದ ಹೆದರಿಕೆ ಇಲ್ಲ, ಯಾರ ಪಂಥಕ್ಕೂ ತಾಗುವುದಿಲ್ಲ. ಹತ್ತಾರು ವರ್ಷದಿಂದ ಒಟ್ಟಿಗಿರುವ, ಜಗಳವಾಡಿದರೂ ಮರುವಾರ ಬರುವವರ ಮಂಡಳಿಗೆ ಬಹಿಣಾಬಾಯಿ. ಜೊತೆಗೆ ಸೋಯರಾಬಾಯಿ, ಜನಾಬಾಯಿ. ದಿನಾ ಲೋಕಲ್ ಹತ್ತುವವರಿಗೆ ವಚನ. ಒಂಟಿಯಾಗಿ, ರಾತ್ರಿ ನಿದ್ದೆ ಬಾರದೆ ಓದುವವರಿಗೆ ಮುಕ್ತಾಯಕ್ಕ ಅಥವಾ ರಮಾಬಾಯಿ. ಆಸ್ಪತ್ರೆಯಲ್ಲಿ ಮಲಗಿದ ಗೆಳತಿಗೆ ಇವು ಯಾವುದೂ ಬೇಡ. ಲಕ್ಷ್ಮೀಬಾಯಿ ಟಿಳಕರ ಪುಸ್ತಕ ತೆಗೆದುಕೊಂಡು ಹೋಗಿ, ಪಕ್ಕದಲ್ಲಿ ಕೂತು ನೀವೇ ಓದಿ ಹೇಳಿ.

ಸಂಕ್ರಾಂತಿಯ ಹಳದಿಕುಂಕುಮಕ್ಕೆ ವಾಣ (ಉಡುಗೊರೆ) ಕೊಡಲು ಪುಸ್ತಕ ನೋಡುವವರೂ ಇದ್ದಾರೆ. ಸ್ಟೀಲ್ ಬಟ್ಟಲು, ಪ್ಲಾಸ್ಟಿಕ್ ಡಬ್ಬಿ ಎಷ್ಟು ಅಂತ ಕೂಡಿಡುವುದು? ಲಕ್ಕುಂಡಿಯ ಅತ್ತಿಮಬ್ಬೆ 10ನೇ ಶತಮಾನದಲ್ಲೇ ಪೊನ್ನನ ಶಾಂತಿಪುರಾಣದ 1000 ಪ್ರತಿ ಬರೆಸಿ ಹಂಚಿದವಳು. ಅದೂ ತಾಳೆಗರಿಯಲ್ಲಿ. ಗಂಡ ನಾಗದೇವ ಯುದ್ಧದಲ್ಲಿ ತೀರಿಹೋದಾಗ ಅವನನ್ನೇ ಮದುವೆಯಾಗಿದ್ದ ತಂಗಿ ಗುಂಡಮಬ್ಬೆ ಚಿತೆ ಏರಿದಳು, ಅತ್ತಿಮಬ್ಬೆ ಮಗನಿಗಾಗಿ ಉಳಿದಳು. ಆಮೇಲೆ ಮಾಡಿದ ಕೆಲಸ ಇದು. ವಾಣಕ್ಕೆ ತೆಳ್ಳಗಿನ ಪುಸ್ತಕ ಇರಲಿ, ಅಕ್ಷರ ದೊಡ್ಡದಿರಲಿ. ಶರಣೆಯರ ವಚನಗಳ ಆಯ್ಕೆ ಇದಕ್ಕೆ ಹೊಂದುತ್ತದೆ. ಕನ್ನಡ ಬಾರದ ಮರಾಠಿ ಗೆಳತಿಯರಿಗೆ ಜನಾಬಾಯಿಯ ಅಭಂಗ ಕೊಡಿ. ಕನ್ನಡದವಳು ಇದನ್ನು ಕೊಟ್ಟಳಲ್ಲ ಅಂತ ಖುಷಿಪಡುತ್ತಾರೆ.

ಮರಾಠಿ ಪುಸ್ತಕಕ್ಕೆ ದಾದರ್ ಪಶ್ಚಿಮದ ಛಬಿಲದಾಸ್ ಗಲ್ಲಿ, ಪುಣೆಯವರಿಗೆ ಅಪ್ಪಾ ಬಳವಂತ ಚೌಕ. ಕನ್ನಡದ್ದಕ್ಕೆ ಬೆಂಗಳೂರಿನಿಂದಲೇ ತರಿಸಬೇಕು, ಇಲ್ಲವೇ ಊರಿಗೆ ಹೋಗುವವರ ಕೈಗೆ ಚೀಟಿ ಕೊಡಬೇಕು. ಮಾಟುಂಗಾದ ಮೈಸೂರು ಅಸೋಸಿಯೇಷನ್, ಮಾಹಿಮ್‌ನ ಕರ್ನಾಟಕ ಸಂಘದ ಕಾರ್ಯಕ್ರಮಗಳಿಗೆ ಹೋದಾಗ ಪುಸ್ತಕದ ಮೇಜಿದ್ದರೆ ನೋಡಿಬಿಡಿ. ವಾಣಕ್ಕೆ ಒಟ್ಟಿಗೆ ಇಪ್ಪತ್ತು, ಮೂವತ್ತು ಪ್ರತಿ ಬೇಕಾದರೆ ದೀಪಾವಳಿ ಮುಗಿದ ಕೂಡಲೇ ಪ್ರಕಾಶಕರಿಗೆ ಫೋನ್ ಮಾಡಿ. ಸಂಖ್ಯೆ ಹೇಳುವ ಮೊದಲೇ ರಿಯಾಯಿತಿ ಕೇಳಬೇಡಿ, ಸಂಖ್ಯೆ ಹೇಳಿದ ಮೇಲೆ ಕೇಳದೆ ಬಿಡಬೇಡಿ.